ಮಾಡಿಡುವ ಕೆಲಸ, ಮಾಡಿಡಲಾಗದ ಕೆಲಸ

ಮನೆಗೆಲಸದಲ್ಲಿ ಎರಡು ಬಗೆ. ಮುಂಚಿತವಾಗಿ ಮಾಡಿ ಇಟ್ಟುಕೊಳ್ಳಬಹುದಾದದ್ದು ಒಂದು: ಖಡಕ್ ರೊಟ್ಟಿ, ಚಟ್ನಿಪುಡಿ, ಖಾರ, ಶಾವಿಗೆ, ಹಪ್ಪಳ, ಬೇಳೆ, ಉರುವಲು. ಆಯಾ ಹೊತ್ತಿಗೇ ಆಗಬೇಕಾದದ್ದು ಇನ್ನೊಂದು: ಮೊಲೆ ಕುಡಿಯುವ ಕೂಸು, ಹಾಸಿಗೆ ಹಿಡಿದ ಹಿರಿಯರು, ನಳ ಬಿಟ್ಟಾಗಿನ ನೀರು, ಉಂಡ ಮೇಲಿನ ಮುಸುರಿ. ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಂಗಸರು ಮೊದಲನೆಯದನ್ನು ತಲೆಮಾರುಗಳಿಂದ ಒಂದು ವಿದ್ಯೆಯಾಗಿ ಬೆಳೆಸಿಕೊಂಡು ಬಂದಿದ್ದಾರೆ. ಎರಡನೆಯದಕ್ಕೆ ವಿದ್ಯೆ ಸಾಲದು, ಇನ್ನೊಬ್ಬ ಮನುಷ್ಯರು ಬೇಕು. ದುಡಿಯುವ ತಾಯಿ ಮನೆಯನ್ನು ಹೇಗೆ ತೂಗಿಸುತ್ತಾಳೆ, ಎಲ್ಲಿ ಸೋಲುತ್ತಾಳೆ ಎಂಬುದೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ.

ದುಡಿಯುವ ತಾಯಿ ಎಂದೊಡನೆ ಚೀಲ ಹೆಗಲಿಗೇರಿಸಿ ಕಚೇರಿಗೆ ಹೊರಟವಳನ್ನು ನೆನೆಯುವುದು ಪಟ್ಟಣದ ರೂಢಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಥವರೂ ಇದ್ದಾರೆ. ಶಿಕ್ಷಕಿಯರು, ದಾದಿಯರು, ದಿನವೂ ಬಸ್ಸು ಹಿಡಿದು ಹುಬ್ಬಳ್ಳಿಯ ಅಂಗಡಿ, ಕಾರ್ಖಾನೆಗಳಿಗೆ ಹೋಗಿಬರುವವರು. ಆದರೆ ದೊಡ್ಡ ಸಂಖ್ಯೆ ಹೊಲದವರದು. ತಮ್ಮ ಹೊಲದಲ್ಲಿ ದುಡಿಯುವವರು, ಟಂಟಂನಲ್ಲಿ ಪಕ್ಕದೂರಿಗೆ ಕೂಲಿಗೆ ಹೋಗುವವರು, ಎರಡನ್ನೂ ಮಾಡುವವರು. ಅವರ ಜೊತೆಗೆ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು, ಶಾಲೆಯ ಬಿಸಿಯೂಟದ ಅಡುಗೆಯವರು ಸೇರಿದ್ದಾರೆ. ಬಿಸಿಯೂಟದ ಅಡುಗೆಯವಳು ಊರಿನ ಮಕ್ಕಳಿಗೆಲ್ಲ ಅನ್ನ ಸಾರು ಮಾಡಿ ಬಡಿಸಿ, ದೊಡ್ಡ ಪಾತ್ರೆಗಳನ್ನು ತಿಕ್ಕಿಟ್ಟು ಮನೆಗೆ ಬಂದು ಮತ್ತೆ ಒಲೆ ಹೊತ್ತಿಸುತ್ತಾಳೆ. ಶಾಲೆಯಲ್ಲಿ ಮಾಡಿದ್ದಕ್ಕೆ ಗೌರವಧನವಿದೆ, ಮನೆಯಲ್ಲಿ ಮಾಡಿದ್ದಕ್ಕೆ ಕೆಲಸವೆಂಬ ಹೆಸರೂ ಇಲ್ಲ. ನವಲಗುಂದದ ಜಮಖಾನೆ ನೇಯುವ ಹೆಂಗಸರದು ಬೇರೆಯೇ ಸ್ಥಿತಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ನೇಯ್ಗೆ ಮನೆಯೊಳಗೇ ನಿಲ್ಲಿಸಿದ ಮಗ್ಗದಲ್ಲಿ ನಡೆಯುತ್ತದೆ, ನೇಯುವವರು ಹೆಣ್ಣುಮಕ್ಕಳೇ. ಒಲೆಯ ಮೇಲಿನ ಬೇಳೆ, ತೊಟ್ಟಿಲ ಕೂಸು, ಮಗ್ಗದ ನೂಲು ಮೂರೂ ಕೈಗೆಟಕುವ ದೂರದಲ್ಲೇ ಇರುತ್ತವೆ. ಇದನ್ನು ಅನುಕೂಲ ಎನ್ನುವವರಿದ್ದಾರೆ. ಮನೆಯಲ್ಲೇ ಕೂತು ಮಾಡುವ ಕೆಲಸವನ್ನು ಎಷ್ಟು ಸಲ ಬಿಟ್ಟೆದ್ದರೂ ಯಾರೂ ಕೇಳುವುದಿಲ್ಲ ಎಂಬುದೇ ಅದರ ತೊಡಕು ಕೂಡ.

ಮನೆಗೆಲಸದ ಏರಿಳಿತ ನಿಂತಿರುವುದು ಬೆಳೆಯ ಮೇಲೆ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಪ್ಪು ಎರಿ ಭೂಮಿಯಲ್ಲಿ ಮುಂಗಾರಿನ ಹೆಸರು, ಈರುಳ್ಳಿ, ಶೇಂಗಾ, ಮೆಣಸಿನಕಾಯಿ, ಹತ್ತಿ. ಹಿಂಗಾರಿನ ಬಿಳಿಜೋಳ, ಕಡಲೆ, ಗೋಧಿ, ಕುಸುಬೆ. ಹೆಸರು ಬಿಡಿಸುವ ಕಾಲದಲ್ಲಿ ಮಳೆ ಬಂದರೆ ಕಾಯಿ ಹೊಲದಲ್ಲೇ ಮೊಳೆಯುತ್ತದೆ, ಹಾಗಾಗಿ ಆ ದಿನಗಳಲ್ಲಿ ಊರಿನ ಕೈಗಳೆಲ್ಲ ಹೊಲದಲ್ಲಿರಬೇಕು. ಚಳಿಗಾಲಕ್ಕೆ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಅದರ ಬೆನ್ನಿಗೆ ಕಡಲೆ. ಕಲಘಟಗಿ ಮಲೆನಾಡಿನ ಸೆರಗು. ಅಲ್ಲಿ ಭತ್ತ, ಗೋವಿನಜೋಳ, ಸೋಯಾ, ಕಬ್ಬು. ಮಳೆಗಾಲವೇ ಅಲ್ಲಿಯ ಹೆಂಗಸರಿಗೆ ಬಿಡುವಿಲ್ಲದ ಕಾಲ. ಎರಿ ಸೀಮೆಯಲ್ಲಿ ಸುಗ್ಗಿ ಮುಗಿದು ಯುಗಾದಿ ದಾಟಿದ ಮೇಲೆ ಹೊಲ ಬರಿದಾಗುತ್ತದೆ. ವರ್ಷದ ಮನೆಗೆಲಸ ಒಟ್ಟುಗೂಡುತ್ತಿದ್ದದ್ದು ಆ ಎರಡು ತಿಂಗಳ ಬಿಸಿಲಿಗೆ.

ಬೇಸಿಗೆಯ ಈ ಕೆಲಸಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ರುಚಿಯ ಮಾತಿಗೆ ನಿಲ್ಲುತ್ತಾರೆ. ಅದರ ಹಿಂದಿನ ಲೆಕ್ಕಾಚಾರ ರುಚಿಗಿಂತ ದೊಡ್ಡದು. ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ತೊಟ್ಟು ಮುರಿದು ಖಾರ ಕುಟ್ಟಿಸಿದರೆ ವರ್ಷದ ಒಗ್ಗರಣೆಗೆ ಚಿಂತೆಯಿಲ್ಲ. ಬೇಳೆ ಒಡೆಸಿ ಎಣ್ಣೆ ಸವರಿ ಒಣಗಿಸಿಟ್ಟರೆ ಹುಳು ಬೀಳದು. ಶಾವಿಗೆ ಹೊಸೆಯುವುದು, ಹಪ್ಪಳ ಲಟ್ಟಿಸುವುದು, ಸಂಡಿಗೆ ಇಡುವುದು ಒಬ್ಬರ ಕೈಯಲ್ಲಿ ಆಗುವ ಕೆಲಸಗಳಲ್ಲ. ಓಣಿಯ ಹೆಂಗಸರು ಇಂದು ಈ ಮನೆ, ನಾಳೆ ಆ ಮನೆ ಎಂದು ಮುಯ್ಯಿಗೆ ಕೂಡುತ್ತಿದ್ದರು. ಮಳೆಗಾಲಕ್ಕೆ ಹತ್ತಿಕಟಗಿಯ ಬಣವೆ, ಕುಳ್ಳಿನ ಗೂಡು ಸಿದ್ಧವಾಗುತ್ತಿತ್ತು. ಹೊಲದ ಕೆಲಸ ಬಿಗಿಯಾಗಿರುವ ತಿಂಗಳುಗಳಲ್ಲಿ ಅಡುಗೆಮನೆ ಹಗುರಾಗಲಿ ಎಂದು ಬಿಡುವಿನ ತಿಂಗಳುಗಳೇ ಆ ಹೊರೆಯನ್ನು ಮುಂಚಿತವಾಗಿ ಹೊತ್ತುಕೊಳ್ಳುತ್ತಿದ್ದವು.

ಇದರ ಅತ್ಯುತ್ತಮ ಉದಾಹರಣೆ ಖಡಕ್ ರೊಟ್ಟಿ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವ ಮೊದಲೇ ಹರಿಯುತ್ತದೆ. ಅದಕ್ಕೇ ಕುದಿಯುವ ಎಸರು ಹಾಕಿ, ಹಿಟ್ಟಿನೊಳಗಿನ ಪಿಷ್ಟ ಅರೆಬೆಂದು ಜಿಗಿ ಬಿಟ್ಟ ಮೇಲೆ ಬಿಸಿಬಿಸಿಯಾಗಿಯೇ ನಾದಬೇಕು. ನಾದಿದ್ದನ್ನು ಚಪಾತಿ ಹಿಟ್ಟಿನಂತೆ ಮುಚ್ಚಿಟ್ಟು ಸಂಜೆ ಬಳಸುವಂತಿಲ್ಲ, ಮುದ್ದೆ ಮುದ್ದೆಯಾಗಿ ಆಗಿಂದಾಗಲೇ ಬಡಿಯಬೇಕು. ಹಿಟ್ಟು ಹಳತಾದರೂ ಜಿಗಿ ಹೋಗುತ್ತದೆ, ಆದ್ದರಿಂದ ತಿಂಗಳ ಹಿಟ್ಟನ್ನು ಒಮ್ಮೆಲೇ ಬೀಸಿಸಿ ಇಡಲಾಗದು, ಗಿರಣಿಗೆ ಮೇಲಿಂದ ಮೇಲೆ ಹೋಗಬೇಕು. ಪರಾತದಲ್ಲಿ ಎರಡೂ ಕೈಯಿಂದ ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ನೀರರಿವೆ ಆಡಿಸಿ, ಹಸಿ ಆರಿದ ಕೂಡಲೇ ಮಗುಚಿ, ಕೊನೆಗೆ ಕೆಂಡದ ಮಗ್ಗುಲಿಗೆ ನಿಲ್ಲಿಸಿದರೆ ರೊಟ್ಟಿ ಉಬ್ಬುತ್ತದೆ. ಅಂದರೆ ಬಿಸಿ ರೊಟ್ಟಿ ಮಾಡಿಡಲಾಗದ ಕೆಲಸ. ಮಾಡುವವಳು ಒಲೆಯ ಮುಂದಿನಿಂದ ಏಳುವಂತಿಲ್ಲ. ಅದೇ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಲೆಯ ಕಾವಿಗೆ ಇನ್ನಷ್ಟು ಹೊತ್ತು ಒಡ್ಡಿ ನೀರಿನಂಶವೆಲ್ಲ ಹಾರಿಸಿದರೆ ಅದು ಖಡಕ್ ಆಗುತ್ತದೆ, ಬುಟ್ಟಿಯಲ್ಲಿ ಅರಿವೆ ಮುಚ್ಚಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹೀಗೆ ಮಾಡಿಡಲಾಗದ ಕೆಲಸವೊಂದು ಮಾಡಿಡುವ ಕೆಲಸವಾಯಿತು. ಜೊತೆಗೆ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ, ಮೊಸರು ಇದ್ದರೆ ಒಲೆ ಹೊತ್ತಿಸದೆಯೇ ಊಟವಾಗುತ್ತದೆ, ಹೊಲದ ಬುತ್ತಿಯೂ ಆಗುತ್ತದೆ. ಉತ್ತರ ಕರ್ನಾಟಕದ ಅಡುಗೆಮನೆ ಕಂಡುಕೊಂಡ ಶ್ರಮ ಉಳಿಸುವ ಉಪಾಯಗಳಲ್ಲಿ ಇದಕ್ಕೆ ಸಾಟಿಯಿಲ್ಲ. ಮಿಕ್ಸಿ ಕೂಡ ಇದರ ಮುಂದೆ ಚಿಕ್ಕದು.

ನಾಗರಪಂಚಮಿಗೆ ಮುಂಚಿನ ರೊಟ್ಟಿ ಹಬ್ಬವನ್ನೂ ಈ ದೃಷ್ಟಿಯಿಂದ ನೋಡಬಹುದು. ಜೋಳ, ಸಜ್ಜೆಯ ಖಡಕ್ ರೊಟ್ಟಿ, ಬಗೆಬಗೆಯ ಪಲ್ಲೆ, ಚಟ್ನಿ ಮಾಡಿ ಓಣಿಯ ಮನೆಗಳಿಗೆಲ್ಲ ಹಂಚಿ ಅವರ ಮನೆಯದನ್ನು ತರುವುದು ಪದ್ಧತಿ. ಪಂಚಮಿಯಂದು ಒಲೆಯ ಮೇಲೆ ಹಂಚು ಇಡಬಾರದೆಂಬ ನೇಮವಿದೆ. ಕಾರಣ ಏನೇ ಹೇಳಲಿ, ಹೆಣ್ಣುಮಕ್ಕಳಿಗೆ ಜೋಕಾಲಿಯಾಡಲು ಹೊತ್ತು ಸಿಗುತ್ತಿದ್ದದ್ದು ಆ ನೇಮದಿಂದಲೇ. ಕೆಲವು ಊರುಗಳಲ್ಲಿ ಗ್ರಾಮದೇವತೆಯ ಹೆಸರಿನಲ್ಲಿ ‘ವಾರ’ ಹಿಡಿಯುತ್ತಾರೆ. ಗೊತ್ತಾದ ವಾರಗಳಂದು ಹೊಲಕ್ಕೆ ಹೋಗುವಂತಿಲ್ಲ, ಮನೆಯಲ್ಲಿ ರೊಟ್ಟಿ ಬಡಿಯುವಂತಿಲ್ಲ. ಮನೆಗೆಲಸಕ್ಕೆ ಊರೇ ರಜೆ ಕೊಡುವ ಏರ್ಪಾಟು ಇದು. ಒಬ್ಬಳೇ ರಜೆ ತೆಗೆದುಕೊಂಡರೆ ಸೋಮಾರಿ ಎನಿಸಿಕೊಳ್ಳುತ್ತಾಳೆ, ಊರೆಲ್ಲ ತೆಗೆದುಕೊಂಡರೆ ಅದು ವ್ರತ.

ಈ ಪಂಚಾಂಗ ಈಗ ಮುರಿದಿದೆ. ಆಶಾ ಕಾರ್ಯಕರ್ತೆಗೆ ಬೇಸಿಗೆಯ ಬಿಡುವಿಲ್ಲ, ಹುಬ್ಬಳ್ಳಿಗೆ ದುಡಿಯಲು ಹೋಗುವವಳಿಗೆ ಊರಿನ ವಾರ ಅನ್ವಯಿಸುವುದಿಲ್ಲ, ಕೂಲಿಯವಳು ಬೇಸಿಗೆಯಲ್ಲೂ ಕೂಲಿ ಹುಡುಕಿಕೊಂಡು ಹೋಗುತ್ತಾಳೆ. ಬೇಸಿಗೆಗೆ ಒಟ್ಟುಗೂಡುತ್ತಿದ್ದ ಕೆಲಸ ಭಾನುವಾರಕ್ಕೆ ಬಂದು ಬಿದ್ದಿದೆ. ಮುಯ್ಯಿಗೆ ಕೂಡುತ್ತಿದ್ದ ಓಣಿಯಲ್ಲಿ ಎಲ್ಲರಿಗೂ ಒಂದೇ ದಿನ ಬಿಡುವು ಸಿಗುವುದಿಲ್ಲ. ಅದಕ್ಕೇ ಶಾವಿಗೆ ಯಂತ್ರಕ್ಕೆ ಹೋಯಿತು, ಖಾರ ಗಿರಣಿಗೆ ಹೋಯಿತು, ರೊಟ್ಟಿ ಅಂಗಡಿಗೆ ಬಂತು. ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರು, ಸ್ವಸಹಾಯ ಸಂಘಗಳು ಈಗ ಧಾರವಾಡ ಜಿಲ್ಲೆಯ ಉದ್ದಗಲಕ್ಕೂ ಇವೆ. ಒಬ್ಬ ತಾಯಿಯ ಮನೆಗೆಲಸ ಇನ್ನೊಬ್ಬ ತಾಯಿಯ ಸಂಪಾದನೆಯಾದದ್ದರಲ್ಲಿ ತಪ್ಪೇನೂ ಇಲ್ಲ. ರೊಟ್ಟಿ ಕೊಂಡು ತಂದ ಸೊಸೆಯನ್ನು ಆಡಿಕೊಳ್ಳುವ ಬಾಯಿಗಳು ಮಾತ್ರ ಇನ್ನೂ ಮುಚ್ಚಿಲ್ಲ.

ಮಾಡಿಡಲಾಗದ ಕೆಲಸಗಳಲ್ಲಿ ಮೊದಲನೆಯದು ನೀರು. ನವಲಗುಂದ, ಅಣ್ಣಿಗೇರಿ ಭಾಗದ ಎಷ್ಟೋ ಹಳ್ಳಿಗಳಲ್ಲಿ ನೆಲದ ನೀರು ಸವುಳು. ಅದರಲ್ಲಿ ಬೇಳೆ ಬೇಯದು, ಸಾಬೂನು ನೊರೆ ಬಿಡದು. ಕುಡಿಯಲು, ಅಡುಗೆಗೆ ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಕೆರೆಯ ನೀರೇ ಗತಿ. 1980ರ ಜುಲೈ 21ರಂದು ನವಲಗುಂದದಲ್ಲಿ ರೈತರು ಬಂಡೆದ್ದದ್ದು ಇದೇ ಕಾಲುವೆಯ ಕರದ ವಿಚಾರಕ್ಕೆ. ಆ ಹೋರಾಟದ ಚರಿತ್ರೆಯಲ್ಲಿ ಹೊಲದ ನೀರಿಗೆ ಸಿಕ್ಕ ಜಾಗ ಕುಡಿಯುವ ನೀರಿಗೆ ಸಿಕ್ಕಿಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಿಂದ ಮನೆಮನೆಗೆ ನಳ ಬಂದ ಊರುಗಳಲ್ಲಿ ತಲೆಯ ಮೇಲಿನ ಕೊಡ ಇಳಿದಿದೆ, ಇದು ನಿಜವಾದ ಬಿಡುಗಡೆ. ಆದರೆ ನಳ ಬಿಡುವ ದಿನ, ಗಂಟೆ ಗೊತ್ತಿಲ್ಲದ ಕಡೆ ಮನೆಯಲ್ಲಿ ಒಬ್ಬರು ಕಾದಿರಲೇಬೇಕು. ಹಂಡೆ, ಬ್ಯಾರಲ್, ಸಿಂಟೆಕ್ಸ್ ಇದ್ದವರಿಗೆ ನೀರು ಮಾಡಿಡುವ ಕೆಲಸವಾಗಿದೆ. ಇಲ್ಲದವರು ನೀರಿಗಾಗಿ ಕೂಲಿ ತಪ್ಪಿಸಿಕೊಳ್ಳುತ್ತಾರೆ. ನಳದಷ್ಟೇ ಮುಖ್ಯವಾದದ್ದು ನಳದ ವೇಳಾಪಟ್ಟಿ. ಅದನ್ನು ಗೊತ್ತುಪಡಿಸಿ ಪಾಲಿಸಲು ಪಂಚಾಯಿತಿಗೆ ಹೆಚ್ಚಿನ ಹಣ ಬೇಕಿಲ್ಲ.

ಉರುವಲಿನ ಮಾತು ಬೇಗ ಮುಗಿಯುತ್ತದೆ. 2016ರ ಉಜ್ವಲಾ ಯೋಜನೆಯ ಬಳಿಕ ಸಿಲಿಂಡರ್ ಇಲ್ಲದ ಮನೆ ಕಡಿಮೆ. ಚಹಾ, ಪಲ್ಲೆ, ಅನ್ನ ಗ್ಯಾಸಿನ ಮೇಲೆ. ರೊಟ್ಟಿ, ಮೈಗೆ ಹಾಕಿಕೊಳ್ಳುವ ನೀರು ಕಟ್ಟಿಗೆ ಒಲೆಯ ಮೇಲೆ ಎಂಬ ಹಂಚಿಕೆ ಬಹಳ ಮನೆಗಳಲ್ಲಿದೆ. ಅಗಲ ಹಂಚಿಗೆ ಸಮನಾಗಿ ಕಾವು ಹತ್ತಬೇಕು, ಮಗ್ಗುಲಲ್ಲಿ ಕೆಂಡವಿರಬೇಕು, ಹೊಲದಲ್ಲಿ ಹತ್ತಿಕಟಗಿ ಪುಕ್ಕಟೆ ಸಿಗುತ್ತದೆ, ಸಿಲಿಂಡರಿಗೆ ರೊಕ್ಕ ಕೊಡಬೇಕು. ಕಲಘಟಗಿ ಕಡೆ ಅಡವಿಯ ಕಟ್ಟಿಗೆ ಇನ್ನೂ ಹೊರೆಹೊರೆಯಾಗಿ ಮನೆಗೆ ಬರುತ್ತದೆ.

ಕಳೆದ ಐವತ್ತು ವರ್ಷಗಳಲ್ಲಿ ಕಡಿಮೆಯಾದ ಕೆಲಸಗಳ ಪಟ್ಟಿ ಸಣ್ಣದಲ್ಲ. ಬೀಸುವ ಕಲ್ಲನ್ನು ಹಿಟ್ಟಿನ ಗಿರಣಿ ಮೂಲೆಗೆ ತಳ್ಳಿತು. ಹೆಂಡಿ ಸಾರಿಸುವ ನೆಲದ ಜಾಗಕ್ಕೆ ಪರಸಿ, ಟೈಲ್ಸ್ ಬಂದವು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರ್ ಬಂದ ಮನೆಗಳಲ್ಲಿ ಹೆಂಡಿಕಸದ ಗೋಳೂ ಇಳಿಯಿತು. ಅಕ್ಷರ ದಾಸೋಹದ ಬಿಸಿಯೂಟದಿಂದ ಮಕ್ಕಳ ಮಧ್ಯಾಹ್ನದ ಬುತ್ತಿ ತಪ್ಪಿತು. ಹೊಸದಾಗಿ ಸೇರಿದ ಕೆಲಸಗಳನ್ನು ಯಾರೂ ಪಟ್ಟಿ ಮಾಡುವುದಿಲ್ಲ. ದಿನವೂ ಒಗೆದು ಒಣಗಿಸಬೇಕಾದ ಸಮವಸ್ತ್ರ, ಎರಿ ಮಣ್ಣು ಮೆತ್ತಿದ ಬೂಟು, ಖಾಸಗಿ ಶಾಲೆಯ ವ್ಯಾನು ಬರುವ ಹೊತ್ತಿಗೆ ಸಿದ್ಧವಾಗಬೇಕಾದ ಡಬ್ಬಿ, ಮನೆಪಾಠ, ಪಾಲಕರ ಸಭೆ, ಪಡಿತರಕ್ಕೆ ಬೆರಳೊತ್ತುವ ಸಾಲು, ಬ್ಯಾಂಕಿಗೆ ಆಧಾರ್ ಜೋಡಿಸುವ ಓಡಾಟ. 2023ರಿಂದ ಬಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಮತ್ತು ಶಕ್ತಿ ಯೋಜನೆಯ ಉಚಿತ ಬಸ್ಸು ಮನೆಯ ಖರ್ಚನ್ನೂ ಹೆಣ್ಣಿನ ಓಡಾಟವನ್ನೂ ಹಗುರ ಮಾಡಿವೆ. ದುಡ್ಡು ಕೊಟ್ಟು ರೊಟ್ಟಿ ತರುವ ಧೈರ್ಯವನ್ನೂ ಕೊಟ್ಟಿವೆ ಎಂದರೆ ತಪ್ಪಾಗದು. ಆದರೆ ಕೂಸನ್ನು ನೋಡಿಕೊಳ್ಳುವ ಕೈ ಆ ದುಡ್ಡಿಗೆ ಹಳ್ಳಿಯಲ್ಲಿ ಸಿಗುವುದಿಲ್ಲ.

ಮಾಡಿಡಲಾಗದ ಕೆಲಸಗಳಲ್ಲಿ ಅತಿ ಭಾರದ್ದು ಆ ಕೂಸಿನದೇ. ರಾಮಾಯಣ, ಮಹಾಭಾರತದ ಚಿತ್ರಗಳನ್ನು ಬರೆದ ಕಲಘಟಗಿಯ ಕಟ್ಟಿಗೆಯ ತೊಟ್ಟಿಲು ನಾಡಿನಲ್ಲೆಲ್ಲ ಹೆಸರಾದದ್ದು, ತವರುಮನೆಯವರು ಅಭಿಮಾನದಿಂದ ಮಾಡಿಸಿ ಕೊಡುವಂಥದ್ದು. ಹೊಲಕ್ಕೆ ಹೋಗುವ ತಾಯಿಯ ತೊಟ್ಟಿಲು ಬೇರೆ: ಬೇವಿನ ಟೊಂಗೆಗೆ ಕಟ್ಟಿದ ಹಳೆಯ ಸೀರೆಯ ಜೋಳಿಗೆ. ಕೂಲಿಯವರು ಸಾಲು ಹಿಡಿದು ಮುಂದೆ ಹೋದಂತೆ ಜೋಳಿಗೆ ಹಿಂದೆ ಉಳಿಯುತ್ತದೆ. ಅಲ್ಲಿಂದ ಅಳು ಕೇಳಿದರೆ ಸಾಲು ಬಿಟ್ಟು ಬರಬೇಕು, ಸಾಲು ಬಿಟ್ಟವಳನ್ನು ನಾಳೆ ಕರೆಯುವ ಖಾತ್ರಿಯಿಲ್ಲ. ಎರಿ ಸೀಮೆಯ ಬಯಲಿನಲ್ಲಿ ಗಿಡವೇ ಅಪರೂಪ, ನೆರಳು ಹುಡುಕುವುದೂ ಒಂದು ಕೆಲಸ. ಮನೆಯಲ್ಲಿ ಅತ್ತೆ ಇದ್ದರೆ ಕೂಸು ಅತ್ತೆಯ ಮಡಿಲಿಗೆ. ಅತ್ತೆಯೂ ಕೂಲಿಗೆ ಹೋಗುವವಳಾದರೆ ಹಿರಿಯ ಮಗಳ ಸೊಂಟಕ್ಕೆ. ಸುಗ್ಗಿಯ ದಿನಗಳಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಬೀಳುವ ಗೈರುಹಾಜರಿಯ ಗುರುತಿಗೆ ಇದೊಂದು ಕಾರಣ.

ಇದಕ್ಕೆ ಸಾರ್ವಜನಿಕ ಉತ್ತರವೆಂದು ಮೊದಲು ಬಂದದ್ದು ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ತಿ. ನರಸೀಪುರಕ್ಕೆ. ಪೌಷ್ಟಿಕ ಆಹಾರ, ಲಸಿಕೆ, ಆಟಪಾಠ ಅದರ ಉದ್ದೇಶ. ದುಡಿಯುವ ತಾಯಿಗೆ ಹೊತ್ತು ಬಿಡಿಸಿಕೊಡುವುದು ಆ ಉದ್ದೇಶಗಳಲ್ಲಿ ಮುಖ್ಯವಾಗಿರಲಿಲ್ಲ. ಮೂರು ವರ್ಷ ತುಂಬದ ಕೂಸಿಗೆ ಅಲ್ಲಿ ಆಹಾರ ಸಿಗುತ್ತದೆ, ದಿನವಿಡೀ ಇರಲು ಜಾಗವಿಲ್ಲ. ಸಂಜೆ ನಾಲ್ಕಕ್ಕೆ ಅಂಗನವಾಡಿಯ ಬಾಗಿಲು ಮುಚ್ಚುತ್ತದೆ, ಹತ್ತಿ ಬಿಡಿಸುವವರು ಹೊಲದಿಂದ ಬರುವುದು ಹೊತ್ತು ಮುಳುಗುವಾಗ. ಕಾಯ್ದೆಯ ಕಣ್ಣಿಗೂ ಹೊಲ ಬಿದ್ದಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಹೆಂಗಸರು ಹೆಚ್ಚಿರುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದನ್ನು ಕಡ್ಡಾಯ ಮಾಡಿತು. ಐವತ್ತು ಹೆಂಗಸರು ಒಟ್ಟಿಗೆ ಮೆಣಸಿನಕಾಯಿ ಹರಿಯುವ ಹೊಲ ಸಂಸ್ಥೆಯಲ್ಲವಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಮಾತ್ರ, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಕೂಲಿ ಹೆಂಗಸರಲ್ಲಿ ಒಬ್ಬಳನ್ನು ಅವರ ಆರೈಕೆಗೆ ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದಿತು. ಕೂಸು ನೋಡುವುದೂ ಕೂಲಿಗೆ ಯೋಗ್ಯವಾದ ಕೆಲಸವೆಂದು ಒಪ್ಪಿಕೊಂಡ ಆ ಒಂದು ಸಾಲಿನ ಮಹತ್ವ ದೊಡ್ಡದು.

ಅದೇ ವಿಚಾರದ ಮುಂದುವರಿಕೆ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಶುರುವಾದ ಇದರಲ್ಲಿ ಆರೈಕೆ ಮಾಡುವವರು ಊರಿನವರೇ, ಉದ್ಯೋಗ ಚೀಟಿ ಇದ್ದು ತರಬೇತಿ ಪಡೆದ ಹೆಂಗಸರು. ಈವರೆಗಿನ ಯೋಜನೆಗಳಲ್ಲಿ ರೋಗದ ಮೂಲಕ್ಕೆ ಕೈ ಹಾಕಿದ ಕೆಲವೇ ಕೆಲವುಗಳಲ್ಲಿ ಇದೂ ಒಂದು. ಮಿಕ್ಕವುಗಳಲ್ಲಿ ಹೆಚ್ಚಿನವು ತಾಯಿಗೆ ಸಲಕರಣೆ ಕೊಟ್ಟವು, ದುಡ್ಡು ಕೊಟ್ಟವು. ಇದು ಕೊಡುವುದು ಇನ್ನೊಬ್ಬ ಮನುಷ್ಯರನ್ನು.

ಮನೆಯೊಳಗೇ ಇರುವ ಇನ್ನೊಬ್ಬ ಮನುಷ್ಯನ ಮಾತು ಬಾಕಿ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ದಿನವೊಂದಕ್ಕೆ ತೊಡಗುವವರು ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಮಾಡಿದರೆ ಗಂಡಸರು 97 ನಿಮಿಷ. ಇದು ದೇಶದ ಲೆಕ್ಕ. ಧಾರವಾಡದ ಹಳ್ಳಿಗಳು ಇದಕ್ಕೆ ಅಪವಾದವೆನ್ನಲು ಯಾವ ಆಧಾರವೂ ಇಲ್ಲ. ಕಟ್ಟಿಗೆ ಸೀಳುವುದು, ದನಕ್ಕೆ ಮೇವು, ಗಿರಣಿಗೆ ಚೀಲ ಹೊರುವುದು, ಸಂತೆ ಇವು ಗಂಡಸಿನ ಪಾಲಿನ ಮನೆಗೆಲಸಗಳಾಗಿದ್ದವು. ಗ್ಯಾಸು, ಟ್ರ್ಯಾಕ್ಟರು, ಓಣಿಗೊಂದು ಅಂಗಡಿ ಬಂದು ಆ ಪಾಲು ಕರಗಿತು. ಕರಗಿದ್ದರ ಬದಲಿಗೆ ಕಸಮುಸುರಿಯಲ್ಲಿ ಪಾಲು ತೆಗೆದುಕೊಂಡವರು ಕಡಿಮೆ.

ಗಂಡಸಿನ ಕೈಗೆ ಈ ಕೆಲಸ ಬಾರದೆಂಬ ಮಾತನ್ನು ಕುಂದಗೋಳವೇ ಸುಳ್ಳು ಮಾಡುತ್ತದೆ. ಅಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮನೆಯಲ್ಲಿ ಸಂಗೀತ ಕಲಿಯುತ್ತಿದ್ದ ಭೀಮಸೇನ ಜೋಶಿಯವರು ಗುರುಮನೆಗೆ ಕೊಡಗಟ್ಟಲೆ ನೀರು ಹೊತ್ತವರು. ಗುರುಮನೆಯಲ್ಲಿ ಸೇವೆ ಎನಿಸಿಕೊಳ್ಳುವ ಕೆಲಸ ಸ್ವಂತ ಮನೆಯಲ್ಲಿ ಮಾಡಿದರೆ ನಗೆಪಾಟಲಾಗುವುದೇಕೆ ಎಂಬುದು ಯೋಚಿಸಬೇಕಾದ ವಿಷಯ. ಅದೇ ಕಾಲದಲ್ಲಿ, ಆಗಲೇ ತಾಯಿಯಾಗಿದ್ದ ಗಂಗೂಬಾಯಿ ಹಾನಗಲ್ ಅವರು ಅದೇ ಗುರುವಿನ ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಅವರ ಕಲಿಕೆಗೂ ರೈಲಿನ ವೇಳಾಪಟ್ಟಿಯ ಕಡಿವಾಣವಿತ್ತು.

ಮನೆಯ ಮಟ್ಟದಲ್ಲಿ ಕೈಯಲ್ಲಿರುವ ಉಪಾಯಗಳು ಕೆಲವೇ, ಇಲ್ಲಿಯ ಹೆಂಗಸರು ಅವನ್ನು ಬಳಸುತ್ತಲೂ ಇದ್ದಾರೆ. ವಾರಕ್ಕೊಮ್ಮೆ ಖಡಕ್ ರೊಟ್ಟಿ, ಹತ್ತಿ, ಹೆಸರುಕಾಳಿನ ಕಾಲದಲ್ಲಿ ಬಿಸಿ ರೊಟ್ಟಿ ರಾತ್ರಿಗೆ ಮಾತ್ರ. ಕಾಳು ನೆನೆ ಹಾಕುವುದು, ಪಲ್ಲೆ ಸೋಸುವುದು, ಮಕ್ಕಳ ಅರಿವೆ ತೆಗೆದಿಡುವುದು ಮಲಗುವ ಮುಂಚೆ. ಮುಸುರಿ ಆಯಾ ಹೊತ್ತಿಗೇ, ಏಕೆಂದರೆ ಒಣಗಿದ ಜೋಳದ ಹಿಟ್ಟು ತಿಕ್ಕುವುದಕ್ಕೆ ನೀರೂ ಹೊತ್ತೂ ಎರಡರಷ್ಟು ಬೇಕು. ಹತ್ತು ವರ್ಷ ದಾಟಿದ ಮಗನಿಗೂ ಮಗಳಷ್ಟೇ ಕೆಲಸ. ಕೈಬಿಡಬಹುದಾದದ್ದನ್ನು ಕೈಬಿಡುವುದೂ ಒಂದು ಉಪಾಯವೇ. ಹಬ್ಬ ಬಂತೆಂದು ಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆಯುವುದು, ಬಂದವರಿಗೆಲ್ಲ ಆಗಲೇ ಬಡಿದ ರೊಟ್ಟಿಯನ್ನೇ ಬಡಿಸಬೇಕೆಂಬ ಹಟ, ಇವುಗಳಿಲ್ಲದೆ ಯಾವ ಮನೆಯೂ ಕೆಟ್ಟಿಲ್ಲ.

ಇದಕ್ಕಿಂತ ಆಚೆಯದು ಊರಿನ ಜವಾಬ್ದಾರಿ. ಕೂಸಿನ ಮನೆಯ ಹೊತ್ತನ್ನು ಕಚೇರಿಯ ಗಡಿಯಾರ ನೋಡಿ ಇಟ್ಟರೆ ಅದು ಅಂಗನವಾಡಿಯ ಇನ್ನೊಂದು ಪ್ರತಿಯಾಗುತ್ತದೆ. ಹೊಲದ ಹೊತ್ತಿಗೆ ಇಡಬೇಕು. ಹೆಸರಿನ ಕಾಲಕ್ಕೊಂದು, ಹತ್ತಿ ಮೆಣಸಿನಕಾಯಿಯ ಕಾಲಕ್ಕೊಂದು, ಕಲಘಟಗಿಯಲ್ಲಿ ಮಳೆಗಾಲಕ್ಕೊಂದು. ನಳ ಬಿಡುವ ದಿನ ಮತ್ತು ಗಂಟೆಯನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ಮಹಿಳಾ ಗ್ರಾಮಸಭೆಯಲ್ಲಿ ಈ ಎರಡು ವಿಷಯಗಳನ್ನು ಎತ್ತಿ, ನಡಾವಳಿಯಲ್ಲಿ ಬರೆಸಿಯೇ ಎದ್ದು ಬರಬೇಕು.